ಕ್ಯಾಸೆಟ್ಟಿನ ಒಳಮಡಿಕೆ

ಲೋಕಕ್ಕೆಲ್ಲ ತಪ್ಪು ಮಾಹಿತಿ ಹಂಚಿದ ಹೆಗ್ಗಳಿಕೆ ನನಗೆ ಒಂದೇ ಒಂದು ಸಲ ಬಂದಿದೆ. ಅದು ತೊಂಬತ್ತರ ದಶಕದ ಆರಂಭ. ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ನಾನು ಕೊನೆಯ ವರ್ಷದಲ್ಲಿದ್ದೆ. ಅಲ್ಲಿನ ಕಂಪ್ಯೂಟರ್ ಸೆಂಟರಿಗೆ ಆಗಲೇ ಹೊರದೇಶಗಳ ಜೊತೆ ಇ-ಮೇಲ್ ಸಂಪರ್ಕವಿತ್ತು. ಮನೆಯಲ್ಲಿ ಫೋನ್ ಇಲ್ಲದ ನಮ್ಮಂಥ ಹುಡುಗರು ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರಗಳಲ್ಲಿ ಯಾವ ಯಾವ ದೇಶದವರೊಂದಿಗೋ ವಾದಕ್ಕೆ ಇಳಿಯುತ್ತಿದ್ದೆವು. ಪಾಠಕ್ಕೆಂದು ಕೊಟ್ಟ ಸೌಕರ್ಯ ಅದು. ನಾನು ಬಳಸಿದ್ದು ಮಾತ್ರ ಹೆವಿ ಮೆಟಲ್ ಸಂಗೀತದ ಜಗಳಗಳಿಗೆ.

ಆ ಸಂಗೀತದ ಅಭಿಮಾನಿಗಳದ್ದೇ ಒಂದು ನ್ಯೂಸ್‌ಗ್ರೂಪ್ ಇತ್ತು. ಒಬ್ಬ ಬರೆದದ್ದನ್ನು ಎಲ್ಲರೂ ಓದಬಹುದು, ಎಲ್ಲರೂ ಉತ್ತರಿಸಬಹುದು. ಫಿನ್‌ಲ್ಯಾಂಡಿನ ಒಬ್ಬ ವಿದ್ಯಾರ್ಥಿ ಅಲ್ಲಿ ಜರ್ಮನಿಯ ಮೆಟಲ್ ತಂಡಗಳ ಒಂದು ದೊಡ್ಡ ಪಟ್ಟಿ ಮಾಡುತ್ತಿದ್ದ. ಯಾವ ತಂಡ, ಯಾವ ಆಲ್ಬಮ್, ಯಾವ ಹಾಡು ಎಷ್ಟನೆಯದು, ಎಷ್ಟು ನಿಮಿಷ, ಡ್ರಮ್ ಬಾರಿಸಿದವರು ಯಾರು, ಎಲ್ಲವೂ ಅದರಲ್ಲಿ. ಅವನ ಹತ್ತಿರ ಎಲ್ಲ ರೆಕಾರ್ಡುಗಳೂ ಇರಲಿಲ್ಲ. ಗೊತ್ತಿದ್ದವರು ತಿದ್ದಿ ಕಳಿಸಿ ಎಂದು ತಿಂಗಳಿಗೊಮ್ಮೆ ಪಟ್ಟಿಯನ್ನು ಎಲ್ಲರ ಮುಂದೆ ಇಡುತ್ತಿದ್ದ. ಆ ಪಟ್ಟಿಯ ಒಂದು ಭಾಗವನ್ನು ನಾನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಅಚ್ಚು ಹಾಕಿಸಿ, ಉದ್ದನೆಯ ಆ ಕಾಗದವನ್ನು ಹಾಸ್ಟೆಲ್ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೆ.

ಅದರಲ್ಲೇ ಕಣ್ಣಿಗೆ ಬಿತ್ತು ಆ ತಪ್ಪು. ನನ್ನ ಪ್ರಾಣಕ್ಕೆ ಸಮಾನವಾದ ಆಲ್ಬಮ್ ಅದು. ತಂಡದ ಹೆಸರು ಇಲ್ಲಿ ಬೇಡ. ಬಲ್ಲವರು ಮತ್ತೆ ಜಗಳಕ್ಕೆ ಬರುತ್ತಾರೆ. ಎಂಟು ಹಾಡುಗಳ ಆಲ್ಬಮ್ಮಿಗೆ ಪಟ್ಟಿಯಲ್ಲಿ ಒಂಬತ್ತು ಹಾಡು ಬರೆದಿತ್ತು. ಮೊದಲ ಹಾಡೆಂದು ತೋರಿಸಿದ್ದು ಐದು ನಿಮಿಷದ, ಮಾತಿಲ್ಲದ, ಬರೀ ಗಿಟಾರಿನ ಒಂದು ತುಣುಕನ್ನು. ಆ ತುಣುಕು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅತ್ಯಂತ ಪ್ರೀತಿಯ ತುಣುಕೇ ಅದು. ಆದರೆ ಅದು ಈ ಜರ್ಮನ್ ತಂಡದ್ದಲ್ಲ, ನನ್ನ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿದ್ದ ಇಂಗ್ಲೆಂಡಿನ ತಂಡದ್ದು, ಅವರ ಆಲ್ಬಮ್ಮಿನ ಕೊನೆಯ ಹಾಡು. ಆರು ವರ್ಷ ದಿನಾ ಕೇಳಿದವನಿಗೆ ಅಷ್ಟೂ ಗೊತ್ತಿಲ್ಲವೇ?

ಬರೆದೆ. ಎರಡು ಆಲ್ಬಮ್ಮುಗಳನ್ನು ನೀನು ಕಲಸಿಬಿಟ್ಟಿದ್ದೀಯ, ಆ ತುಣುಕನ್ನು ಇಲ್ಲಿಂದ ತೆಗೆದು ಅಲ್ಲಿ ಹಾಕು ಎಂದೆ. ಕೊನೆಗೆ ಒಂದು ವಾಕ್ಯ ಸೇರಿಸಿದೆ: ಈ ಆಲ್ಬಮ್ ನನ್ನ ಬಳಿಯೇ ಇದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನ್ನ ಬಳಿ ಇದ್ದದ್ದು ಎಲ್‌ಪಿಯಿಂದ ಇಳಿಸಿಕೊಂಡ ಕ್ಯಾಸೆಟ್. ಫಿನ್‌ಲ್ಯಾಂಡಿನವನು ಪುಣ್ಯಾತ್ಮ, ನಂಬಿದ. ಮುಂದಿನ ತಿಂಗಳ ಪಟ್ಟಿಯಲ್ಲಿ ಎಂಟೇ ಹಾಡು. ತಿದ್ದಿದವರ ಸಾಲಿನಲ್ಲಿ ನನ್ನ ಹೆಸರು, ಹೆಸರಿನ ಪಕ್ಕದಲ್ಲಿ ಬಾಂಬೆ. ವಾರವಿಡೀ ನನಗೆ ಕೊಂಬು ಬಂದಂತಾಗಿತ್ತು. ಮೆಸ್ಸಿನಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಕ್ಯಾಸೆಟ್ ಕೊಟ್ಟವರ ಬಗ್ಗೆ ಈಗ ಹೇಳಬೇಕು. ಎಂಬತ್ತರ ದಶಕದ ನಡುವೆ ನಾನು ಜೂನಿಯರ್ ಕಾಲೇಜಿನಲ್ಲಿದ್ದೆ. ನಮ್ಮ ಮನೆ ಗೋರೆಗಾಂವ್‌ನ ಒಂದು ಕಾಲೊನಿಯಲ್ಲಿ. ಮೈಸೂರಿನ ಕಡೆಯಿಂದ ಕೆಲಸದ ಮೇಲೆ ಬಂದು ನಿಂತ ಕುಟುಂಬ ನಮ್ಮದು. ಭಾನುವಾರ ಬೆಳಿಗ್ಗೆ ಅಮ್ಮ ನನ್ನನ್ನು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ವಾರಕ್ಕೊಂದು ದಿನ ಒಲೆಯಿಂದ ಬಿಡುಗಡೆ ಅವರಿಗೆ. ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು ಉಡುಪಿ ಕಡೆಯ ಒಬ್ಬರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಗಂಧ, ಜೇಬಿನಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕೆಂಪು. ಒಂದು ದಿನ ಬಿಲ್ ಕೊಡುವಾಗ, ನನ್ನ ಬ್ಯಾಗಿನ ಮೇಲೆ ನಾನೇ ಪೆನ್ನಿನಲ್ಲಿ ಗೀಚಿದ್ದ ಆ ಜರ್ಮನ್ ತಂಡದ ಹೆಸರನ್ನು ನೋಡಿ, ಚಿಲ್ಲರೆ ಎಣಿಸುತ್ತಲೇ ಕೇಳಿದರು.

"ಇವರದ್ದು ಹೊಸ ಎಲ್‌ಪಿ ಬಂದದ್ದುಂಟು. ಕೇಳಿದ್ಯಾ?"

ನನ್ನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಸಾಂಬಾರಿನ ಘಮದ ನಡುವೆ, ದೇವರ ಪಟಕ್ಕೆ ಊದುಬತ್ತಿ ಹಚ್ಚಿಟ್ಟ ಆ ಗಲ್ಲಾದ ಹಿಂದೆ, ಜರ್ಮನ್ ಮೆಟಲ್ ಕೇಳುವ ಮನುಷ್ಯ! ಅವರ ಭಾವ ಒಂದು ಸರಕು ಹಡಗಿನಲ್ಲಿ ಅಡುಗೆಯವರು. ಹಡಗು ಬಂದರಿಗೆ ಬಂದಾಗಲೆಲ್ಲ ಜೊತೆಯವರ ಎಲ್‌ಪಿಗಳನ್ನು ಕಡ ತಂದುಕೊಡುತ್ತಿದ್ದರು. ಹಡಗು ಹೊರಡುವ ಮೊದಲು ಒಂದು ಗೀರೂ ಬೀಳದಂತೆ ಅವನ್ನು ಹಿಂದಿರುಗಿಸಬೇಕು. ಅಷ್ಟರೊಳಗೆ ಇವರು ಅವನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಬೇಕಾದವರು ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಅದರಲ್ಲೂ ತುಂಬಿಸಿಕೊಡುತ್ತಿದ್ದರು. ಈ ಗಲಾಟೆ ಹೇಗೆ ಇಷ್ಟವಾಯಿತು ಅಣ್ಣ ಎಂದು ಒಮ್ಮೆ ಕೇಳಿದ್ದೆ. "ಚೆಂಡೆ ಕೇಳಿ ದೊಡ್ಡವನಾದವನಿಗೆ ಇದೆಂತ ಗಲಾಟೆ ಮಾರಾಯ?" ಎಂದಿದ್ದರು.

ಆ ಕಾಲದಲ್ಲಿ ಕ್ಯಾಸೆಟ್ ತುಂಬಿಸಿಕೊಡುವವರು ಮುಂಬಯಿಯಲ್ಲಿ ಬೀದಿಗೊಬ್ಬರಿದ್ದರು. ಅವರ ಕೆಲಸದ ಗುಣ ಟೇಪು ಮುಗಿಯುವ ಹೊತ್ತಿಗೆ ಗೊತ್ತಾಗುತ್ತಿತ್ತು. ಹಾಡುವವನು ಗಂಟಲು ಹರಿಯುವಂತೆ ಕಿರುಚುತ್ತಿರುವಾಗಲೇ ಟಕ್ ಎಂದು ನಿಂತುಹೋಗುತ್ತಿತ್ತು. ಹಾಡಿನ ಉಳಿದರ್ಧ ಏನಾಯಿತೆಂದು ತಿಳಿಯದೆಯೇ ನನ್ನ ವಯಸ್ಸಿನ ಎಷ್ಟೋ ಹುಡುಗರು ದೊಡ್ಡವರಾದರು. ಅಣ್ಣನ ಕ್ಯಾಸೆಟ್ಟಿನಲ್ಲಿ ಒಂದು ಹಾಡೂ ಎಂದೂ ತುಂಡಾದದ್ದಿಲ್ಲ. ಜೊತೆಗೆ ಅವರ ಅಕ್ಷರ! ಡಬ್ಬಿಯೊಳಗಿನ ಚೀಟಿಯ ಮೇಲೆ ಹಾಡುಗಳ ಹೆಸರನ್ನು ಮುದ್ದಾಗಿ ನೀಲಿಯಲ್ಲಿ ಬರೆದು, ಅಲ್ಲಲ್ಲಿ ಕೆಂಪಿನಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದರು. ಆ ಜರ್ಮನ್ ಆಲ್ಬಮ್ಮಿನ ಕ್ಯಾಸೆಟ್ ಕೈಗೆ ಬಂದ ದಿನ ನಾನು ಚೀಟಿಯನ್ನು ಮುಟ್ಟಲೂ ಹೆದರಿದೆ. ಮಳೆಗಾಲ ಬೇರೆ, ನಮ್ಮ ಮನೆಯ ಗೋಡೆಗೆ ಬೂಷ್ಟು. ಶಾಲೆಯ ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್ಕನ್ನು ಅಳತೆಗೆ ಕತ್ತರಿಸಿ, ಮಡಿಸಿದ ಚೀಟಿಯನ್ನು ಮಡಿಸಿದಂತೆಯೇ ಒಳಗಿಟ್ಟು, ನಾಲ್ಕೂ ಕಡೆ ಸೆಲೋಟೇಪ್ ಹಚ್ಚಿದೆ. "ಏನೋ ಅದು, ಪಾತ್ರೆ ಅಂಗಡಿ ಮೇಲೆ ಲಾರಿ ಹತ್ತಿದ ಹಾಗಿದೆ! ಸ್ವಲ್ಪ ಕಮ್ಮಿ ಮಾಡೋ," ಎಂದು ಅಮ್ಮ ಕ್ಯಾಸೆಟ್ ಹಾಕಿದಾಗಲೆಲ್ಲ ಅಡುಗೆಮನೆಯಿಂದ ಕೂಗುತ್ತಿದ್ದರು. ಆ ಗಿಟಾರಿನ ತುಣುಕು ಬಂದಾಗ ಮಾತ್ರ ಕೂಗುತ್ತಿರಲಿಲ್ಲ. ಒಂದು ದಿನ, "ಇದು ಚೆನ್ನಾಗಿದೆ ಕಣೋ, ಇದನ್ನೇ ಹಾಕು," ಎಂದರು.

ಅಂಥ ತುಣುಕನ್ನು ನಾನು ಅದರ ಮನೆಯಿಂದ ಎಬ್ಬಿಸಿ ಪಕ್ಕದ ಮನೆಗೆ ಅಟ್ಟಿದ್ದೆ ಎನ್ನುವುದರ ಮೊದಲ ಸುಳಿವು ಕೊಟ್ಟದ್ದು ಒಬ್ಬ ಜರ್ಮನಿಯವನು. ನನ್ನ ತಿದ್ದುಪಡಿ ಪ್ರಕಟವಾದ ಮೂರನೆಯ ವಾರ ಅವನು ಗುಂಪಿಗೆ ಬಹಳ ಮರ್ಯಾದೆಯಿಂದ ಬರೆದ. ರೆಕಾರ್ಡು ನನ್ನ ಮಡಿಲಲ್ಲೇ ಇದೆ, ಮೊದಲ ಹಾಡು ಅದೇ, ಬಾಂಬೆಯ ಗೆಳೆಯರು ಇನ್ನೊಮ್ಮೆ ನೋಡಬಹುದೇ ಎಂದು ಕೇಳಿದ್ದ. ನಾನು ಮರ್ಯಾದೆ ಕಲಿತವನಲ್ಲ. ನಿನ್ನ ಹತ್ತಿರ ಇರುವುದು ಬೇರೆ ದೇಶಕ್ಕಾಗಿ ಅಚ್ಚು ಹಾಕಿದ ಪ್ರತಿ ಇರಬೇಕು ಎಂದು ಉರಿದು ಬರೆದೆ. ಜರ್ಮನಿಯವನಿಗೆ ಜರ್ಮನಿಯ ರೆಕಾರ್ಡಿನ ಬಗ್ಗೆ ಪಾಠ! ಇನ್ನಿಬ್ಬರು ನನ್ನ ಪರ ನಿಂತರು. ಅವರಿಬ್ಬರೂ ರೆಕಾರ್ಡು ನೋಡಿದವರಲ್ಲ, ನನ್ನ ತಿದ್ದುಪಡಿಯನ್ನು ಓದಿದವರು.

ಆಗ ಫಿನ್‌ಲ್ಯಾಂಡಿನವನು ನನಗೊಬ್ಬನಿಗೇ ಮೇಲ್ ಬರೆದ. ಓದು ಮುಗಿಯಿತು, ಮುಂದಿನ ಶುಕ್ರವಾರ ವಿಶ್ವವಿದ್ಯಾಲಯದ ಖಾತೆ ಮುಚ್ಚುತ್ತದೆ, ಪಟ್ಟಿಯನ್ನು ಎಲ್ಲರೂ ಪ್ರತಿ ತೆಗೆದುಕೊಳ್ಳುವ ಕಡೆ ಇಟ್ಟು ಹೋಗುತ್ತೇನೆ, ಆಮೇಲೆ ತಿದ್ದಲು ಯಾರೂ ಇರುವುದಿಲ್ಲ. ಆಲ್ಬಮ್ ನಿನ್ನ ಬಳಿ ಇದೆ ಎಂದಿದ್ದೆ. ದಯವಿಟ್ಟು ರೆಕಾರ್ಡಿನ ನಡುವಿನ ಲೇಬಲ್ ನೋಡಿ, ಅಲ್ಲಿ ಇರುವುದನ್ನು ಇರುವಂತೆಯೇ ಬರೆದು ಕಳಿಸು. ನೀನು ಹೇಳಿದಂತೆ ಇಡುತ್ತೇನೆ.

ಲೇಬಲ್ ಎಲ್ಲಿಂದ ತರಲಿ? ತಪ್ಪಾಗಿದ್ದರೆ ಆ ಆಲ್ಬಮ್ ಲೋಕದ ಕಣ್ಣಿಗೆ ಶಾಶ್ವತವಾಗಿ ಮೊದಲ ಹಾಡಿಲ್ಲದ ಆಲ್ಬಮ್, ಅದರ ಕೆಳಗೆ ನನ್ನ ಹೆಸರು. ಆದರೂ ಒಳಗಿನ ಜಂಬ ಸತ್ತಿರಲಿಲ್ಲ. ಅಣ್ಣನ ಕ್ಯಾಸೆಟ್ ತಪ್ಪಾಗಲು ಸಾಧ್ಯವೇ ಇಲ್ಲ. ಅವರಿಂದ ಒಂದು ಸಾಕ್ಷಿ ತಂದು ಆ ಜರ್ಮನಿಯವನ ಬಾಯಿ ಮುಚ್ಚಿಸಬೇಕೆಂದು ಭಾನುವಾರ ಹೊರಟೆ.

ಅವರು ಇದ್ದದ್ದು ದಹಿಸರ್‌ನಲ್ಲಿ. ಬಸ್ಸಿನಲ್ಲಿ ಅಂಧೇರಿಗೆ ಬಂದು ವಿರಾರ್ ಲೋಕಲ್ ಹತ್ತಿದೆ. ಭಾನುವಾರವಾದ್ದರಿಂದ ಎರಡು ಕಾಲೂ ಊರಲು ಜಾಗ ಸಿಕ್ಕಿತು. ಒಂದೊಂದೇ ಕೋಣೆಯ ಮನೆಗಳ ಅವರ ಚಾಳ್ ರೈಲ್ವೆ ಹಳಿಯ ಪಕ್ಕಕ್ಕೇ ಇತ್ತು. ಬಾಗಿಲಲ್ಲಿ ನಿಂತು ಅಣ್ಣ ಎನ್ನುವಷ್ಟರಲ್ಲಿ ಅವರು ಬೆರಳೆತ್ತಿ ಸುಮ್ಮನಿರಿಸಿದರು. ದೂರದ ಊರಿನ ಮೇಲ್ ಗಾಡಿಯೊಂದು ಗೋಡೆ ನಡುಗಿಸುತ್ತ ದಾಟಿಹೋಯಿತು. ಗಡಿಯಾರ ನೋಡಿಕೊಂಡು, "ಇನ್ನು ಐವತ್ತೈದು ನಿಮಿಷ ದೊಡ್ಡ ಗಾಡಿ ಇಲ್ಲ," ಎಂದು ಟರ್ನ್‌ಟೇಬಲ್ಲಿನ ಸೂಜಿಯನ್ನು ರೆಕಾರ್ಡಿನ ಮೇಲೆ ಮೆಲ್ಲನೆ ಇಳಿಸಿದರು. ಲೋಕಲ್ಲಿಗೆ ಅಲುಗದ ಸೂಜಿ ಮೇಲ್ ಗಾಡಿಗೆ ಹಾರುತ್ತಿತ್ತಂತೆ. ಅದಕ್ಕೇ ಎಲ್ಲ ಗಾಡಿಗಳ ಹೊತ್ತನ್ನೂ ಅವರು ಬರೆದು ಗೋಡೆಗೆ ಅಂಟಿಸಿದ್ದರು. ಸೂಜಿ ಇಳಿದ ಮೇಲೆ ಆ ಕೋಣೆಯಲ್ಲಿ ಯಾರೂ ನಡೆದಾಡುವಂತಿರಲಿಲ್ಲ. ಅವರ ಹೆಂಡತಿ, ನಮ್ಮ ಅತ್ತಿಗೆ, ಅಡುಗೆ ಜಾಗದಿಂದಲೇ ಕೈಚಾಚಿ ಕಾಫಿ ಲೋಟ ದಾಟಿಸಿದರು.

ರೆಕಾರ್ಡಿನ ಒಂದು ಬದಿ ಮುಗಿಯುವವರೆಗೆ ಕಾದು ನನ್ನ ಕಥೆ ಹೇಳಿದೆ. ಅರ್ಧಕ್ಕೆ ಬರುವಾಗಲೇ ಅವರ ಮುಖ ಬದಲಾಯಿತು.

"ಆ ಗಿಟಾರಿನದ್ದಾ? ಅದು ಜರ್ಮನಿಯವರದ್ದೇ ಅಲ್ವಾ ಮಾರಾಯ. ಅದೇ ಫಸ್ಟ್ ಹಾಡು."

"ನೀವೇ ಅಲ್ವಾ ಅಣ್ಣ ಅದನ್ನ ಬಿ ಸೈಡಲ್ಲಿ ಹಾಕಿದ್ದು? ಇಂಗ್ಲೆಂಡಿನವರ ಜೊತೆ?"

"ಹೌದು, ನಾನೇ ಹಾಕಿದ್ದು. ಜಾಗ ಎಲ್ಲಿತ್ತು? ತೊಂಬತ್ತರ ಕ್ಯಾಸೆಟ್ಟಿಗೆ ಒಂದು ಸೈಡಿಗೆ ನಲವತ್ತೈದು ನಿಮಿಷ. ಅದು ನಲವತ್ತೇಳು ನಿಮಿಷದ ಎಲ್‌ಪಿ. ಕೊನೆ ಹಾಡನ್ನು ತುಂಡು ಮಾಡ್ಲಿಕ್ಕೆ ಆಗ್ತದಾ? ಹಾಗೆ ಫಸ್ಟಿನದ್ದನ್ನು ತೆಗೆದು ಆಚೆ ಸೈಡಿನ ಕೊನೆಗೆ ಇಟ್ಟೆ."

ಆ ಕ್ಷಣ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ನನ್ನ ಸ್ವಭಾವವೇ ಹಾಗೆ; ತಪ್ಪು ನನ್ನದೆಂದು ಗೊತ್ತಾದ ಕೂಡಲೇ ಎದುರಿಗೆ ಯಾರಿದ್ದಾರೆಂದು ಹುಡುಕುತ್ತೇನೆ.

"ಒಂದು ಮಾತು ಹೇಳ್ಬೇಕಿತ್ತು ಅಲ್ವಾ ಅಣ್ಣ! ಆರು ವರ್ಷ ತಪ್ಪು ತಿಳ್ಕೊಂಡಿದೀನಿ. ಈಗ ಎಲ್ಲರ ಮುಂದೆ ನನ್ನ ಮಾನ ಹೋಗುತ್ತೆ!"

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹೇಳದೆ ಕೊಟ್ಟದ್ದಾ? ಕ್ಯಾಸೆಟ್ ತಂದಿದ್ಯಾ? ಕೊಡು ಇಲ್ಲಿ," ಎಂದರು. ಸಾಕ್ಷಿಗೆಂದು ಬ್ಯಾಗಿನಲ್ಲಿ ತಂದದ್ದನ್ನು ಕೊಟ್ಟೆ. ಡಬ್ಬಿ ತೆರೆದರು. ಪ್ಲಾಸ್ಟಿಕ್ ಹೊದಿಸಿದ ಚೀಟಿಯನ್ನು ಬೆಳಕಿಗೆ ಹಿಡಿದು, ಹಳದಿ ತಿರುಗಿದ ಸೆಲೋಟೇಪಿನ ಮೇಲೆ ಹೆಬ್ಬೆರಳು ಓಡಿಸಿದರು.

"ಇದು ಯಾವಾಗ ಹಾಕಿದ್ದು?"

"ನೀವು ಕೊಟ್ಟ ದಿನಾನೇ."

"ಹಾಗಾದ್ರೆ ಬಿಡಿಸಿ ನೋಡಲೇ ಇಲ್ವಾ?"

ಅತ್ತಿಗೆ ಬ್ಲೇಡ್ ಕೊಟ್ಟರು. ನಾನೇ ಕೈಯಾರೆ ಕತ್ತರಿಸಿದೆ. ಆರು ವರ್ಷ ಮಡಿಸಿಕೊಂಡೇ ಇದ್ದ ಕಾಗದ ಬಿಡಿಸುವಾಗ ಸಣ್ಣಗೆ ಸದ್ದು ಮಾಡಿತು. ಒಳಮಡಿಕೆಯಲ್ಲಿ, ಹೊರಗಿನ ಇಂಗ್ಲಿಷ್ ಅಕ್ಷರದಷ್ಟೇ ಮುದ್ದಾದ ಕನ್ನಡದಲ್ಲಿ, ಕೆಂಪು ಶಾಯಿಯಲ್ಲಿ ಬರೆದಿತ್ತು:

ಕೆಂಪು ಗೆರೆ ಇರುವ ಹಾಡು ಎ ಸೈಡ್ ಆಲ್ಬಮ್ಮಿನ ಮೊದಲನೆಯ ಹಾಡು. ಜಾಗ ಸಾಲದೆ ಇಲ್ಲಿ ಹಾಕಿದ್ದೇನೆ. ಮೊದಲು ಇದನ್ನು ಕೇಳಿ, ಆಮೇಲೆ ಎ ಸೈಡ್ ಹಾಕಿ. ತೊಂದರೆಗೆ ಕ್ಷಮೆ ಇರಲಿ.

ಹೊರಗಡೆ ಗಿಟಾರಿನ ತುಣುಕಿನ ಕೆಳಗೆ ಕೆಂಪು ಗೆರೆ ಇತ್ತು. ಅಂದಕ್ಕೆ ಎಳೆದದ್ದೆಂದು ನಾನು ಅಂದುಕೊಂಡಿದ್ದೆ. ನನ್ನ ಮುಖ ಇಂಗು ತಿಂದ ಮಂಗನಂತಾಗಿರಬೇಕು, ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನನಗೆ ಹೆಚ್ಚು ಚುಚ್ಚಿದ್ದು ಆ ಕೊನೆಯ ವಾಕ್ಯ. ಹದಿನೈದು ಹದಿನಾರರ ಹುಡುಗನೊಬ್ಬನ ಹತ್ತಿರ, ಒಂದು ಹಾಡನ್ನು ಜಾಗ ಬದಲಿಸಿದ್ದಕ್ಕೆ, ನಲವತ್ತರ ಮನುಷ್ಯ ಕ್ಷಮೆ ಕೇಳಿದ್ದರು. ನಾನು ಅದನ್ನು ಓದಿಯೂ ಇರಲಿಲ್ಲ. ಭಕ್ತಿಯಿಂದ ಕಟ್ಟಿಟ್ಟಿದ್ದೆ.

"ಎಲ್ಲಾ ಕ್ಯಾಸೆಟ್ಟಲ್ಲೂ ಹೀಗೆ ಬರೀತೀರಾ ಅಣ್ಣ?"

"ಬದಲಾಯಿಸಿದ್ರೆ ಬರೀಬೇಕಲ್ಲ. ಇಲ್ಲದಿದ್ರೆ ಕೇಳುವವನಿಗೆ ಹೇಗೆ ಗೊತ್ತಾಗುದು?" ಎಂದರು. ಚೀಟಿಯನ್ನು ಮತ್ತೆ ಮಡಿಸುತ್ತ, "ಓದ್ತಾರೆ ಅಂತ ಎಣಿಸಿದ್ದೆ," ಎಂದರು.

ಲೇಬಲ್ ಬೇಕು ಎಂದು ಮಾತ್ರ ತೊದಲಿದೆ. ಎಲ್‌ಪಿ ಎಂದೋ ಹಡಗು ಹತ್ತಿ ಹೋಗಿತ್ತು. ಅವರು ಮಂಚದ ಕೆಳಗಿನ ಟ್ರಂಕು ಎಳೆದು, ರಟ್ಟು ಹಾಕಿದ ಉದ್ದನೆಯ ನೋಟ್‌ಬುಕ್ಕುಗಳಿಂದ ಒಂದನ್ನು ಆರಿಸಿ, ಪುಟ ತೆರೆದು ನನ್ನ ತೊಡೆಯ ಮೇಲಿಟ್ಟರು.

ಅಂಥ ಕೆಲಸವನ್ನು ನಾನು ಆ ದೊಡ್ಡ ಸಂಸ್ಥೆಯ ಯಾವ ಲ್ಯಾಬಿನಲ್ಲೂ ನೋಡಿರಲಿಲ್ಲ. ಪ್ರತಿ ಎಲ್‌ಪಿಗೂ ಒಂದು ಪುಟ. ಲೇಬಲ್ಲಿನ ಮೇಲೆ ಇದ್ದದ್ದೆಲ್ಲ ಇದ್ದಂತೆಯೇ, ಅವರಿಗೆ ಅರ್ಥವಾಗದ ಜರ್ಮನ್ ಮಾತುಗಳು ಸಹ, ಅಕ್ಷರದ ತಲೆಯ ಮೇಲಿನ ಎರಡು ಚುಕ್ಕಿಯನ್ನೂ ಬಿಡದೆ. ಅದರ ಪಕ್ಕದಲ್ಲಿ ಪ್ರತಿ ಹಾಡಿಗೂ ಕವರಿನ ಮೇಲೆ ಅಚ್ಚಾದ ಸಮಯ, ಅದರ ಪಕ್ಕದಲ್ಲಿ ಅವರು ಸ್ಟಾಪ್‌ವಾಚ್ ಹಿಡಿದು ಅಳೆದ ಸಮಯ, ಮೂರು ಸಲ ಅಳೆದದ್ದು ಮೂರೂ. ಕ್ಯಾಸೆಟ್ಟಿನಲ್ಲಿ ಏನು ಬದಲಾಯಿಸಿದರು, ಏಕೆ, ಎಲ್ಲವೂ ಅಲ್ಲಿತ್ತು. ಕೆಳಗೆ ಕೆಂಪಿನಲ್ಲಿ ಅವರ ತಪ್ಪುಗಳು. ಒಂದು ಪುಟದಲ್ಲಿ ಹೀಗಿತ್ತು: ನಾಲ್ಕನೇ ಹಾಡಿನಲ್ಲಿ ಸೂಜಿ ಒಮ್ಮೆ ಹಾರಿದೆ, ನಾನು ನಡೆದದ್ದರಿಂದ. ತಪ್ಪು ನನ್ನದು.

"ಕವರಲ್ಲೇ ಸಮಯ ಇರುತ್ತಲ್ಲ, ಮತ್ತೆ ಯಾಕೆ ಅಳೀತೀರಿ?" ಎಂದೆ.

"ಅದನ್ನು ನಂಬಿ ಒಮ್ಮೆ ಕೆಟ್ಟೆ," ಎಂದು ಏಳನೆಯ ಹಾಡಿನ ಮೇಲೆ ಬೆರಳಿಟ್ಟರು. "ಇದು ನೋಡು. ಕವರಲ್ಲಿ ನಾಲ್ಕು ನಿಮಿಷ ಚಿಲ್ಲರೆ. ನಿಜವಾಗಿ ಆರು ನಿಮಿಷ ಇಪ್ಪತ್ತೊಂದು ಸೆಕೆಂಡ್. ಅಚ್ಚು ಮಾಡಿದವ ಕೇಳಿರ್ಲಿಕ್ಕಿಲ್ಲ. ನನ್ನ ಫಸ್ಟ್ ಟೇಪ್ ಇದರಿಂದಲೇ ಹಾಳಾದದ್ದು, ಕೊನೆ ಹಾಡು ತುಂಡಾಗಿ."

ನನ್ನ ಗೋಡೆಯ ಮೇಲಿನ ಪಟ್ಟಿ ನೆನಪಾಯಿತು. ಅದರಲ್ಲೂ ಏಳನೆಯ ಹಾಡಿಗೆ ನಾಲ್ಕು ನಿಮಿಷ ಚಿಲ್ಲರೆ ಎಂದೇ ಇತ್ತು. ಎಲ್ಲರೂ ಕವರನ್ನು ನೋಡಿ ಬರೆದಿದ್ದರು. ರೆಕಾರ್ಡು ಮಡಿಲಲ್ಲಿಟ್ಟುಕೊಂಡ ಜರ್ಮನಿಯವನೂ ಅದನ್ನು ಗಮನಿಸಿರಲಿಲ್ಲ. ಹಳಿಯ ಪಕ್ಕದ ಒಂದು ಕೋಣೆಯಲ್ಲಿ, ಎರಡು ಮೇಲ್ ಗಾಡಿಗಳ ನಡುವಿನ ಬಿಡುವಿನಲ್ಲಿ, ಗಲ್ಲಾದಲ್ಲಿ ಕೂರುವ ಒಬ್ಬರು ಅದನ್ನು ಆರು ವರ್ಷದ ಹಿಂದೆಯೇ ಪತ್ತೆ ಮಾಡಿ, ಬರೆದು, ಟ್ರಂಕಿನಲ್ಲಿಟ್ಟಿದ್ದರು. ನನಗೆ ಎದ್ದು ಅವರ ಕಾಲು ಮುಟ್ಟಬೇಕೆನ್ನಿಸಿತು. ಮುಟ್ಟಲಿಲ್ಲ, ಆ ವಯಸ್ಸಿನ ಬಿಗುಮಾನ.

ಪುಟವನ್ನು ನಕಲು ಮಾಡಿಕೊಂಡೆ. ಅವರು ನನ್ನ ಅಕ್ಷರವನ್ನೇ ನೋಡುತ್ತ, "ಆ ಪಟ್ಟಿ ಎಷ್ಟು ಜನ ನೋಡ್ತಾರೆ?" ಎಂದರು.

"ಗೊತ್ತಿಲ್ಲ ಅಣ್ಣ. ಯಾರು ಬೇಕಾದ್ರೂ ನೋಡ್ಬಹುದು."

"ಹಾಗಾದ್ರೆ ಇಲ್ಲಿ ಎಂತ ಕೂತದ್ದು? ಹೋಗಿ ಸರಿ ಮಾಡು."

ಅದೇ ಸಂಜೆ ಕಂಪ್ಯೂಟರ್ ಸೆಂಟರಿನಲ್ಲಿ ಕೂತೆ. ಗೌರವ ಉಳಿಸಿಕೊಳ್ಳುವ ದಾರಿಗಳು ಎಷ್ಟೊಂದು ಹೊಳೆದವು! ನನ್ನ ಪ್ರತಿಯಲ್ಲಿ ದೋಷವಿತ್ತು ಎನ್ನಬಹುದು. ಎರಡು ಬಗೆಯ ಅಚ್ಚು ಇದ್ದಂತಿದೆ ಎನ್ನಬಹುದು. ಫಿನ್‌ಲ್ಯಾಂಡಿನವನಿಗೆ ಒಬ್ಬನಿಗೇ ಗುಟ್ಟಾಗಿ ಬರೆಯಬಹುದು. ಮೂರನ್ನೂ ಬರೆದು ಮೂರನ್ನೂ ಅಳಿಸಿದೆ. ಆ ಕೆಂಪು ಶಾಯಿ ಕಣ್ಣ ಮುಂದಿತ್ತು. ಕೊನೆಗೆ ಇಡೀ ಗುಂಪಿಗೆ ಬರೆದೆ: ನನ್ನ ಬಳಿ ರೆಕಾರ್ಡು ಎಂದೂ ಇರಲಿಲ್ಲ, ಇದ್ದದ್ದು ಕ್ಯಾಸೆಟ್. ಅದರಲ್ಲಿ ಸರಿಯಾದ ವಿವರ ಬರೆದೇ ಇತ್ತು, ನಾನು ಓದಲಿಲ್ಲ. ಜರ್ಮನಿಯ ಗೆಳೆಯರು ಹೇಳಿದ್ದು ಸರಿ. ತಪ್ಪು ನನ್ನದು. ಕೆಳಗೆ ಅಣ್ಣನ ಪುಟದ ಒಂಬತ್ತು ಹಾಡುಗಳನ್ನೂ ಅವರು ಅಳೆದ ಸಮಯಗಳನ್ನೂ ಹಾಕಿದೆ. ಇನ್ನೊಮ್ಮೆ ಓದಿ ನೋಡದೆ ಕಳಿಸಿಬಿಟ್ಟೆ.

ಬೈಗುಳ ಬಂದವು, ಒಂದೆರಡು ಒರಟಾಗಿಯೇ. ನನ್ನ ಪರ ನಿಂತಿದ್ದವರೇ ಹೆಚ್ಚು ಬೈದರು. ಜರ್ಮನಿಯವನು ಮಾತ್ರ ಬೈಯಲಿಲ್ಲ. ಗಡಿಯಾರ ಹಿಡಿದು ಏಳನೆಯ ಹಾಡನ್ನು ಕೇಳಿದೆ, ಆರು ನಿಮಿಷ ದಾಟುವುದು ನಿಜ, ಇಷ್ಟು ವರ್ಷ ಕೇಳಿಯೂ ನನಗೆ ಗೊತ್ತೇ ಇರಲಿಲ್ಲ, ಅಳೆದವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆದ.

ಶನಿವಾರ ಗೋರೆಗಾಂವ್‌ಗೆ ಹೋದಾಗ ಚೀಟಿಯಲ್ಲಿ ಬರೆದಂತೆ ಕೇಳಿದೆ. ಮೊದಲು ಬಿ ಸೈಡಿನ ಕೊನೆಗೆ ಓಡಿಸಿ ಗಿಟಾರ್, ಆಮೇಲೆ ತಿರುಗಿಸಿ ಎ ಸೈಡ್. ಗಿಟಾರಿನ ಕೊನೆಯ ಸ್ವರ ಎಲ್ಲಿ ನಿಲ್ಲುತ್ತದೋ ಅದೇ ಸ್ವರದಿಂದ ಎ ಸೈಡಿನ ಅಬ್ಬರ ಎದ್ದಿತು. ಆರು ವರ್ಷ ಈ ಅಬ್ಬರವನ್ನು ಬುಡವಿಲ್ಲದೆ ಕೇಳಿದ್ದೆ. ನನಗೆ ಅಳು ಬಂತು. "ಏನೋ ಇವತ್ತು ಉಲ್ಟಾ ಹಾಕಿದೀಯ?" ಎಂದು ಅಮ್ಮ ಕೇಳಿದರು. ಇವತ್ತೇ ಅಮ್ಮಾ, ಸರಿಯಾಗಿ ಹಾಕಿರೋದು ಎಂದೆ.

ಮಾರನೆಯ ದಿನ ಕೊನೆಯ ಪಟ್ಟಿಯ ಅಚ್ಚುಪ್ರತಿ ಹಿಡಿದು ದಹಿಸರ್‌ಗೆ ಓಡಿದೆ. ಆ ಆಲ್ಬಮ್ಮಿನ ಕೆಳಗೆ ಫಿನ್‌ಲ್ಯಾಂಡಿನವನು ಒಂದು ಸಾಲು ಸೇರಿಸಿದ್ದ: ಸಮಯಗಳ ಆಧಾರ, ಬಾಂಬೆಯ ದಹಿಸರ್‌ನ ಒಂದು ನೋಟ್‌ಬುಕ್. ಅಣ್ಣ ಕನ್ನಡಕ ಹಾಕಿಕೊಂಡು ಆ ಸಾಲನ್ನು ಓದಿದರು. ಅತ್ತಿಗೆಯನ್ನು ಕರೆದು ತೋರಿಸಿದರು. ದಹಿಸರ್ ಎನ್ನುವುದರ ಮೇಲೆ ಬೆರಳಿಟ್ಟು ತುಳುವಿನಲ್ಲಿ ಅವರಿಗೆ ಏನೋ ಹೇಳಿದರು. ಆಮೇಲೆ ಟ್ರಂಕಿನಿಂದ ಆ ನೋಟ್‌ಬುಕ್ ತೆಗೆದು ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಹಾಡಿನ ಮೇಲೆ ಬೆರಳು ಇಳಿಸುತ್ತ ಬಂದರು. ಏಳನೆಯದರಲ್ಲಿ ಬೆರಳು ನಿಂತಿತು.

"ಇಲ್ಲಿ ಆರು ನಿಮಿಷ ಹನ್ನೆರಡು ಅಂತ ಉಂಟು. ನಾನು ಕೊಟ್ಟದ್ದು ಇಪ್ಪತ್ತೊಂದು."

ನಕಲು ನೋಡಿದೆ. ಅದರಲ್ಲಿ ಇಪ್ಪತ್ತೊಂದು ಎಂದೇ ಇತ್ತು. ಅವಸರದಲ್ಲಿ ಅಂಕೆ ತಿರುಗಿಸಿ ಹೊಡೆದವನು ನಾನೇ. ಫಿನ್‌ಲ್ಯಾಂಡಿನವನ ಖಾತೆ ಶುಕ್ರವಾರವೇ ಮುಚ್ಚಿತ್ತು, ಇನ್ನು ತಿದ್ದುವವರು ಯಾರೂ ಇರಲಿಲ್ಲ. ಹೀಗೆ ಎಂದು ಹೇಳಿ ತಲೆ ತಗ್ಗಿಸಿದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಅಣ್ಣ ಜೇಬಿನಿಂದ ಕೆಂಪು ಪೆನ್ನು ತೆಗೆದು ನನ್ನ ಕೈಗಿಟ್ಟರು. ನೋಟ್‌ಬುಕ್ಕಿನ ಆ ಪುಟದ ಕೆಳಗೆ, ಅವರ ತಪ್ಪುಗಳನ್ನು ಬರೆಯುವ ಜಾಗವನ್ನು ತೋರಿಸಿ, "ಬರಿ. ಮುಂದೆ ನೋಡಿದವನಿಗೆ ಗೊತ್ತಾಗ್ಲಿ," ಎಂದರು. ಅವರ ಮುದ್ದಾದ ಅಕ್ಷರದ ಕೆಳಗೆ, ನನ್ನ ಕಾಗೆಕಾಲಿನ ಅಕ್ಷರದಲ್ಲಿ, ಅವರ ಮಾತನ್ನೇ ಬರೆದೆ: ತಪ್ಪು ನನ್ನದು.